ಓಟಿಸ್ ಹ್ಯಾಕೆಟನ ಹದ್ದಿನ ಕಣ್ಣು

ಟಿಲ್ಬರಿಯಲ್ಲಿ ಯಾರ ಸೂಜಿ ಕಳೆದುಹೋದರೂ "ಓಟಿಸ್ ಹ್ಯಾಕೆಟನನ್ನು ಕರೀರಿ" ಎನ್ನುವುದು ವಾಡಿಕೆಯಾಗಿತ್ತು. ಕರೆದರೆ ಅವನು ಬರುತ್ತಿರಲಿಲ್ಲ, ಅದು ಬೇರೆ ಮಾತು. "ಸೂಜಿಗೀಜಿಗೆಲ್ಲ ಈ ಕಣ್ಣು ಸವೆಸಬಾರ್ದು, ಇದು ಆಟ ನೋಡೋ ಕಣ್ಣು" ಎಂದು ಹೇಳಿ ಕಳಿಸುತ್ತಿದ್ದ.

ಆ ಕಣ್ಣಿಗೆ ಒಂದು ಹುದ್ದೆಯೂ ಇತ್ತು. ಸಂಬಳಕ್ಕೆ ಆಡುವ ಟಿಲ್ಬರಿ ಮ್ಯೂಲ್ಸ್ ತಂಡದ ಬೇಸ್‌ಬಾಲ್ ಮೈದಾನದಲ್ಲಿ, ಬ್ಯಾಟ್ ಹಿಡಿದು ನಿಂತವನಿಗೆ ನೇರ ಎದುರು, ನಾನೂರು ಅಡಿ ದೂರದಲ್ಲಿ ಹಸಿರು ಬಣ್ಣದ ದೊಡ್ಡದೊಂದು ಮರದ ಸ್ಕೋರ್‌ಬೋರ್ಡು ನಿಂತಿತ್ತು. ಅದರ ಹೊಟ್ಟೆಯೊಳಗೆ ಕೂತು, ಕಿಂಡಿಯಲ್ಲಿ ಆಟ ನೋಡುತ್ತ, ತಗಡಿನ ಅಂಕೆಗಳನ್ನು ಮೊಳೆಗೆ ತಗುಲಿಹಾಕುವ ಕೆಲಸವನ್ನು ಓಟಿಸ್ ಇಪ್ಪತ್ತಾರು ವರ್ಷಗಳಿಂದ ಮಾಡುತ್ತಿದ್ದ. ಊರಿನಲ್ಲಿ ಮೇಯರ್ ಬದಲಾದರು, ಪಾದ್ರಿ ಬದಲಾದರು, ಯುದ್ಧ ಬಂದು ಹೋಯಿತು. ಸ್ಕೋರ್‌ಬೋರ್ಡಿನೊಳಗಿನ ಸ್ಟೂಲಿನ ಮೇಲೆ ಮಾತ್ರ ಓಟಿಸ್ ಇದ್ದೇ ಇದ್ದ.

ಅಂಪೈರ್ ಗಸ್ ಪೊಲಾಸ್ಕಿ ತಪ್ಪು ತೀರ್ಪು ಕೊಟ್ಟಾಗಲೆಲ್ಲ "ಕನ್ನಡಕ ಕೊಂಡ್ಕೊಳಯ್ಯಾ!" ಎಂದು ಜನ ಕಿರುಚುವುದು ಎಲ್ಲ ಊರಿನಲ್ಲೂ ಇದ್ದದ್ದೇ. ಓಟಿಸ್ ಒಂದು ಹೆಜ್ಜೆ ಮುಂದೆ ಹೋಗಿದ್ದ. ಪ್ರತಿ ವರ್ಷ ಮೊದಲ ಆಟದ ದಿನ ಗುಜರಿ ಅಂಗಡಿಯಿಂದ ಹಳೇ ಕನ್ನಡಕವೊಂದನ್ನು ತಂದು, ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ, ಮೈದಾನದ ನಡುವೆ ಗಸ್‌ಗೆ ಕಾಣಿಕೆ ಒಪ್ಪಿಸುತ್ತಿದ್ದ. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಹದಿನಾರು ವರ್ಷ, ಹದಿನಾರು ಕನ್ನಡಕ. ಗಸ್ ಪ್ರತಿಸಲವೂ ಟೊಪ್ಪಿ ಎತ್ತಿ ವಂದಿಸಿ, ಅದನ್ನು ಜೇಬಿಗಿಳಿಸಿ, ಮತ್ತೆ ತಪ್ಪು ತೀರ್ಪು ಕೊಡಲು ಹೋಗುತ್ತಿದ್ದ.

ಇಂಥ ಮನುಷ್ಯ ತಾನೇ ಕನ್ನಡಕ ಹಾಕಿಕೊಳ್ಳುವುದು ಹೇಗೆ ಹೇಳಿ?

ನಾಲ್ಕು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಓಟಿಸ್ ಕಿಂಡಿಯಲ್ಲಿ ನೋಡಿದರೆ ಎರಡನೇ ಬೇಸ್, ಅಂದರೆ ಓಡುವವರು ಮುಟ್ಟಬೇಕಾದ ಬಿಳಿ ದಿಂಬು, ಇರಲಿಲ್ಲ. ಯಾರೋ ಕದ್ದೊಯ್ದಿರಬೇಕು ಎಂದುಕೊಂಡ. ಆ ಬೇಸಿಗೆ ಮುಗಿಯುವ ಹೊತ್ತಿಗೆ ಮಿಕ್ಕ ಬೇಸುಗಳೂ, ಅವುಗಳ ಜೊತೆಗೆ ಗಸ್ ಪೊಲಾಸ್ಕಿಯೂ ಮಂಜಿನಲ್ಲಿ ಕರಗಿಹೋದರು. ಓಟಿಸ್ ಯಾರ ಬಳಿಯೂ ಉಸಿರೆತ್ತಲಿಲ್ಲ. ರೊಟ್ಟಿ ಡಬ್ಬಿಯಷ್ಟು ದೊಡ್ಡ ರೇಡಿಯೊ ಒಂದನ್ನು ಸ್ಕೋರ್‌ಬೋರ್ಡಿನೊಳಗೆ ಸಾಗಿಸಿದ. ಎದುರಿಗೇ ನಡೆಯುವ ಆಟದ ವಿವರಣೆಯನ್ನು ಅದರಲ್ಲಿ ಕೇಳಿಕೊಂಡು ಅಂಕೆ ತೂಗುಹಾಕತೊಡಗಿದ. ಒಂದು ಅಂಕೆಯೂ ತಪ್ಪಲಿಲ್ಲ. ಕಣ್ಣು ಮಂಜಾದಷ್ಟೂ ಬಾಯಿಯಲ್ಲಿ ಅದರ ಪ್ರತಾಪ ಮಾತ್ರ ಹೆಚ್ಚುತ್ತ ಹೋಯಿತು.

ಈ ಕಥೆ ನಡೆದ ವರ್ಷ, ಅಂದರೆ ಸಾವಿರದ ಒಂಬೈನೂರ ಐವತ್ತಮೂರರ ಬೇಸಿಗೆಯಲ್ಲಿ, ಮ್ಯೂಲ್ಸ್ ತಂಡ ಸಾಲಾಗಿ ಒಂಬತ್ತು ಆಟ ಸೋತಿತು. ಹತ್ತನೆಯ ಆಟದ ದಿನ ಓಟಿಸ್ ಲಿಂಬೆ ಪಾನಕವನ್ನು ಮೈಮೇಲೆ ಚೆಲ್ಲಿಕೊಂಡ. ಹೆಂಡತಿ ವೆಲ್ಮಾಳ ಅಡುಗೆಮನೆಯಿಂದ ತಂದಿದ್ದ ಹಳದಿ ಟವೆಲ್ಲಿನಿಂದ ಒರೆಸಿಕೊಂಡು, ಒಣಗಲೆಂದು ಅದನ್ನು ಕಿಂಡಿಯ ಹೊರಗೆ ನೇತುಹಾಕಿದ. ಅವತ್ತು ಮ್ಯೂಲ್ಸ್ ಗೆದ್ದುಬಿಟ್ಟಿತು.

ಗೆಲುವು ಶುರುವಾದ ಮೇಲೆ ಏನನ್ನೂ ಬದಲಿಸಬಾರದು. ಇದು ಬೇಸ್‌ಬಾಲಿನವರು ಬೈಬಲ್ಲಿಗಿಂತ ನಿಷ್ಠೆಯಿಂದ ಪಾಲಿಸುವ ನಿಯಮ. ಮ್ಯಾನೇಜರ್ ರೆಡ್ ಫೋಗಾರ್ಟಿ ಗಡ್ಡ ಬೋಳಿಸುವುದನ್ನು ಬಿಟ್ಟ. ತಂಡದ ಹಿರಿಯ ವರ್ನ್ ಡೊರ್ಸೆಟ್ ಕಾಲುಚೀಲ ಒಗೆಯುವುದನ್ನು ಬಿಟ್ಟ. ಅವನ ಅಕ್ಕಪಕ್ಕ ಕೂರುವವರು ಬಟ್ಟೆ ಬದಲಿಸಲು ಕೋಣೆಯಿಂದ ಹೊರಗೆ ಹೋಗತೊಡಗಿದರು. ಟವೆಲ್ಲು ದಿನವೂ ಅದೇ ಜಾಗದಲ್ಲಿ, ಒಗೆಯದೆ, ತೂಗಲೇಬೇಕು ಎಂದು ರೆಡ್ ಅಪ್ಪಣೆ ಮಾಡಿದ. ಬ್ಯಾಟ್ ಹಿಡಿದ ಪ್ರತಿಯೊಬ್ಬನೂ ಚೆಂಡು ಬರುವ ಮುಂಚೆ ಒಮ್ಮೆ ಟವೆಲ್ಲಿನ ಕಡೆ ನೋಡಿ ಟೊಪ್ಪಿ ಮುಟ್ಟಿಕೊಳ್ಳುತ್ತಿದ್ದ. ಒಳಗಡೆ ಸೆಕೆ ಬೇಯಿಸಿದಂತಿತ್ತು. ಓಟಿಸ್ ಮರೆತು ಆಗಾಗ ಟವೆಲ್ಲನ್ನು ಒಳಗೆಳೆದುಕೊಂಡು ಕುತ್ತಿಗೆ ಒರೆಸಿ ಮತ್ತೆ ಹೊರಗೆ ಹಾಕುತ್ತಿದ್ದ. ಹೀಗೆ ಹನ್ನೊಂದು ಆಟ ಗೆದ್ದಾಯಿತು. ಹದಿನೇಳು ವರ್ಷಗಳಲ್ಲಿ ಮೊದಲ ಸಲ ತಂಡಕ್ಕೆ ಅಂತಿಮ ಪಂದ್ಯದ ಜಾಗ ಸಿಕ್ಕಿತು.

ಮೇಬೆಲ್‌ಳ ಊಟದಂಗಡಿಯಲ್ಲಿ ಓಟಿಸ್ ಮೀಸೆ ತಿರುವಿಕೊಂಡು ಕೂತಿದ್ದಾಗ, ಮೂಲೆಯಲ್ಲಿ ಚೆರ್ರಿ ಪೈ ತಿನ್ನುತ್ತಿದ್ದ ಸಣಕಲು ಮನುಷ್ಯನೊಬ್ಬ ವಿನಯವಾಗಿ ಕೇಳಿದ:

"ಅಷ್ಟು ದೂರದಿಂದ ತಮಗೆ ಆಟ ಚೆನ್ನಾಗಿ ಕಾಣುತ್ತಾ ಸ್ವಾಮಿ?"

"ಕಾಣುತ್ತಾ ಅಂದ್ರೇನಯ್ಯ!" ಓಟಿಸ್ ಕುರ್ಚಿ ತಿರುಗಿಸಿದ. "ಬ್ಯಾಟ್ ಹಿಡಿದೋನ ಹಿಂದೆ ಕ್ಯಾಚರ್ ಕುಕ್ಕರಗಾಲಲ್ಲಿ ಕೂತು ತೊಡೆ ಸಂದಿನಲ್ಲಿ ಎಸೆಯೋನಿಗೆ ಬೆರಳು ತೋರಿಸ್ತಾನಲ್ಲ, ಆ ಬೆರಳಿನ ಉಗುರು ಕಾಣುತ್ತೆ. ಉಗುರೊಳಗಿನ ಮಣ್ಣು ಕಾಣುತ್ತೆ."

"ಹಾಗಾದ್ರೆ ಯಾವ ಎಸೆತ ಬರುತ್ತೆ ಅಂತ ತಮಗೆ ಮೊದಲೇ ಗೊತ್ತಾಗುತ್ತೆ?"

"ಎಸೆಯೋನಿಗಿಂತ ಮೊದಲು ನನಗೆ ಗೊತ್ತಾಗುತ್ತೆ!"

ಸಣಕಲು ಮನುಷ್ಯ ತಟ್ಟೆ ಪಕ್ಕಕ್ಕಿಟ್ಟು, ಪುಟ್ಟ ಪುಸ್ತಕ ತೆಗೆದು ಬರೆದುಕೊಂಡ. ತನ್ನ ಮಾತನ್ನು ಯಾರಾದರೂ ಬರೆದುಕೊಂಡದ್ದು ಓಟಿಸನ ಐವತ್ತೆಂಟು ವರ್ಷದ ಬದುಕಿನಲ್ಲಿ ಅದೇ ಮೊದಲು. ಸಂತೋಷದಿಂದ ಅವನಿಗೆ ಇನ್ನೊಂದು ಪೈ ತರಿಸಿಕೊಟ್ಟ.

ಮರುದಿನ ಬೆಳಿಗ್ಗೆ ಲೀಗಿನ ಮೊಹರಿನ ಪತ್ರ ಬಂತು. ಪೈ ತಿಂದವನ ಹೆಸರು ಲಿಂಡ್‌ಕ್ವಿಸ್ಟ್. ಮೊದಲು ವಿಮಾ ಕಂಪನಿಯೊಂದರಲ್ಲಿ ಸುಳ್ಳು ಬೆಂಕಿ ಅಪಘಾತಗಳನ್ನು ಪತ್ತೆ ಹಚ್ಚುತ್ತಿದ್ದ, ಈಗ ಲೀಗಿನ ತನಿಖಾಧಿಕಾರಿ. ದೂರು ಕೊಟ್ಟಿದ್ದು ಹಾರ್ಲನ್‌ಫೆರಿ ತಂಡದ ಮ್ಯಾನೇಜರ್ ಕ್ಲೈಡ್ ಮೆರ್ಟ್ಜ್. ಒಂದು ಬೆರಳೆಂದರೆ ನೇರವಾದ ವೇಗದ ಚೆಂಡು, ಎರಡೆಂದರೆ ತಿರುಗುವ ಚೆಂಡು. ಯಾವುದು ಬರುತ್ತದೆಂದು ಮೊದಲೇ ತಿಳಿದರೆ ಹೊಡೆಯುವವನಿಗೆ ಅರ್ಧ ಆಟ ಗೆದ್ದಂತೆ. ಓಟಿಸ್ ಹ್ಯಾಕೆಟ್ ತನ್ನ ಹದ್ದಿನ ಕಣ್ಣಿನಿಂದ ಎದುರಾಳಿ ಕ್ಯಾಚರನ ಬೆರಳು ಓದಿ, ಟವೆಲ್ಲು ಒಳಗೆಳೆದರೆ ತಿರುಗುವ ಚೆಂಡು, ಹೊರಗಿದ್ದರೆ ನೇರ ಚೆಂಡು ಎಂದು ತನ್ನ ತಂಡಕ್ಕೆ ತಿಳಿಸುತ್ತಿದ್ದಾನೆ. ಸಂಕೇತದ ಕಳ್ಳತನ, ಇದು ಆರೋಪ. ಭಾನುವಾರ ಹಾರ್ಲನ್‌ಫೆರಿಯೊಡನೆ ನಡೆಯುವ ಕೊನೆಯ ಲೀಗ್ ಆಟ ಮುಗಿದ ಮೇಲೆ, ಅಲ್ಲೇ, ಲೀಗಿನ ಅಧ್ಯಕ್ಷ ಜಡ್ಜ್ ಪೆನ್ರೋಸ್ ವಿಚಾರಣೆ ನಡೆಸುತ್ತಾರೆ. ಸಾಬೀತಾದರೆ ಹನ್ನೊಂದು ಗೆಲುವೂ ರದ್ದು, ಅಂತಿಮ ಪಂದ್ಯದ ಜಾಗ ಹಾರ್ಲನ್‌ಫೆರಿಯ ಪಾಲು, ಓಟಿಸ್‌ಗೆ ಲೀಗಿನ ಯಾವ ಮೈದಾನಕ್ಕೂ ಆಜೀವ ಪ್ರವೇಶವಿಲ್ಲ.

ಓಟಿಸ್ ಪತ್ರ ಮಡಚಿ ಜೇಬಿಗಿಟ್ಟುಕೊಂಡ. ಆದರೆ ಊರು ಅವನಿಗೆ ಹೆದರಲೂ ಬಿಡುವು ಕೊಡಲಿಲ್ಲ.

"ಭಾವ!" ವೆಲ್ಮಾಳ ತಮ್ಮ ಲೆಸ್ಟರ್ ಓಡಿಬಂದು ತಬ್ಬಿಕೊಂಡ. "ಮನೇ ಜನ ನಾವು, ನಮಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ? ಇಷ್ಟು ದೊಡ್ಡ ಕಳ್ಳ ನಮ್ಮ ಮನೇಲೇ ಇದ್ದ ಅಂತ ಗೊತ್ತೇ ಇರ್ಲಿಲ್ಲ!"

"ನಾನೇನೂ ಮಾಡಿಲ್ಲ ಕಣೋ."

"ಹಾಗೇ ಹೇಳ್ಬೇಕು! ಕೊನೇ ತನಕ ಹಾಗೇ ಹೇಳು!"

ಅಂಚೆಯವನು ಕಣ್ಣು ಹೊಡೆದು ಹೋದ. ಕ್ಷೌರದಂಗಡಿಯವನು ಕತ್ತರಿ ಎತ್ತಿ ವಂದಿಸಿದ. ಮೇಬೆಲ್‌ಳ ಅಂಗಡಿಯಲ್ಲಂತೂ ಶಿಕ್ಷಾಸಂಹಿತೆಯೇ ರಚನೆಯಾಗುತ್ತಿತ್ತು. ಹಿಂದಿನ ವರ್ಷ ಹಾರ್ಲನ್‌ಫೆರಿಯ ಎಸೆತಗಾರನೊಬ್ಬ ಚೆಂಡಿಗೆ ಎಣ್ಣೆ ಹಚ್ಚಿ ಸಿಕ್ಕಿಬಿದ್ದಾಗ ಇದೇ ಜನ ಇದೇ ಮೇಜಿನ ಮೇಲೆ ಗುದ್ದಿ, ಇಡೀ ತಂಡವನ್ನು ಜೈಲಿಗೆ ಹಾಕಬೇಕು ಎಂದಿದ್ದರು. ಈಗ ಎಲ್ಲರಿಗೂ ಕರುಣೆ ಉಕ್ಕಿ ಬಂದಿತ್ತು.

"ಮೊದಲನೇ ತಪ್ಪಿಗೆ ಎಚ್ಚರಿಕೆ ಕೊಟ್ಟು ಬಿಡ್ಬೇಕು," ಎಂದ ಕ್ಷೌರದವನು.

"ಹನ್ನೊಂದು ಸಲ ಆಗಿದ್ಯಲ್ಲಯ್ಯಾ?" ಎಂದಳು ಮೇಬೆಲ್.

"ಒಂದೇ ಟವೆಲ್ಲು ತಾನೇ? ಹಾಗಾದ್ರೆ ಒಂದೇ ತಪ್ಪು."

"ಆಟಗಾರರಿಗೆ ಶಿಕ್ಷೆ ಕೊಟ್ರೆ ಮಾಲೀಕ ನಗ್ತಾನೆ. ಮಾಲೀಕನಿಗೆ ದಂಡ ಹಾಕಿದ್ರೆ ಟಿಕೆಟ್ ಬೆಲೆ ಏರಿಸ್ತಾನೆ, ಕಟ್ಟೋರು ನಾವೇ," ಎಂದ ಲೆಸ್ಟರ್. "ನನ್ನ ಕೇಳಿದ್ರೆ, ಕದ್ದ ತಂಡದ ಕ್ಯಾಚರ್ ಒಂದು ವರ್ಷ ಬೆರಳು ತೋರಿಸ್ಬಾರ್ದು. ಎದ್ದು ನಿಂತು ಜೋರಾಗಿ ಕೂಗ್ಬೇಕು, 'ಈಗ ತಿರುಗೋ ಚೆಂಡು ಬರ್ತಿದೆ, ನೋಡ್ಕೊಳ್ರಪ್ಪಾ' ಅಂತ!"

ಎಲ್ಲರೂ ಇದು ಅತ್ಯಂತ ನ್ಯಾಯವಾದ ಶಿಕ್ಷೆ ಎಂದು ಒಪ್ಪಿದರು. ಆಮೇಲೆ ಅದು ತಮ್ಮ ತಂಡಕ್ಕೇ ಬೀಳುತ್ತದೆಂದು ನೆನಪಾಗಿ ಬೇಡವೆಂದರು.

ಮೈದಾನದಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟಿತ್ತು. ಟವೆಲ್ಲಿನಿಂದ ತನಗೆ ಯಾವ ಸಂಕೇತವೂ ಬಂದಿಲ್ಲ ಎನ್ನುವುದು ಪ್ರತಿಯೊಬ್ಬ ಆಟಗಾರನಿಗೂ ಗೊತ್ತಿತ್ತು. ಆದ್ದರಿಂದ ಮಿಕ್ಕವರಿಗೆಲ್ಲ ಬಂದಿದೆ, ತನಗೊಬ್ಬನಿಗೆ ಹೇಳಿಲ್ಲ ಎಂದು ಪ್ರತಿಯೊಬ್ಬನೂ ಮುನಿಸಿಕೊಂಡಿದ್ದ.

ವರ್ನ್ ಡೊರ್ಸೆಟ್ ಒಬ್ಬನೇ ಬಂದು ಓಟಿಸನ ಪಕ್ಕ ಕೂತ. ಮೂವತ್ತೆಂಟು ವರ್ಷ, ಸವೆದ ಮಂಡಿ, ಇದೇ ಕೊನೆಯ ಬೇಸಿಗೆ. ಹದಿನೇಳು ವರ್ಷ ಆಡಿಯೂ ಒಂದು ಅಂತಿಮ ಪಂದ್ಯ ಕಂಡವನಲ್ಲ.

"ಓಟಿಸ್, ನಿಜ ಹೇಳು. ನಾನು ಹೊಡೆದ ಹೊಡೆತ ನನ್ನವೇ ತಾನೇ?"

"ನಿನ್ನವೇ ಕಣಯ್ಯ, ದೇವರಾಣೆ."

"ಹಾಗಾದ್ರೆ ಭಾನುವಾರ ಅದನ್ನ ಅವರಿಗೂ ಹೇಳು. ಇನ್ನೊಂದು ವರ್ಷ ಈ ಮಂಡಿ ಬರೋಲ್ಲ."

ಹೇಳುವುದಕ್ಕೇನೋ ಒಂದೇ ವಾಕ್ಯ ಸಾಕಿತ್ತು. ನನಗೆ ಕ್ಯಾಚರ್ ಇರಲಿ, ಅವನ ಹಿಂದಿನ ಗೋಡೆಯೂ ಕಾಣುವುದಿಲ್ಲ ಎಂದರೆ ಮುಗಿಯಿತು. ಆದರೆ ಕಣ್ಣು ಕಾಣದವನನ್ನು ಸ್ಕೋರ್‌ಬೋರ್ಡಿನಲ್ಲಿ ಯಾರು ಕೂರಿಸುತ್ತಾರೆ? ಗಸ್ ಪೊಲಾಸ್ಕಿಯ ಮುಖ ಹೇಗೆ ನೋಡುವುದು? ಕಳ್ಳನೆಂದರೂ ಸ್ಟೂಲು ಹೋಗುತ್ತದೆ, ಕುರುಡನೆಂದರೂ ಹೋಗುತ್ತದೆ. ಬೇರೆ ಇನ್ನೇನಾದರೂ ದಾರಿ ತೋರಿಸಪ್ಪಾ ಎಂದು ಓಟಿಸ್ ಮೂರು ರಾತ್ರಿ ಬೇಡಿಕೊಂಡ. ದೇವರು ಲಿಂಡ್‌ಕ್ವಿಸ್ಟನನ್ನು ಕಳಿಸಿದ.

ಭಾನುವಾರ ಆಟ ಶುರುವಾಗುವ ಮುಂಚೆ ಲಿಂಡ್‌ಕ್ವಿಸ್ಟ್ ಮಡಚುವ ಕುರ್ಚಿಯೊಂದನ್ನು ಹಿಡಿದು ಸ್ಕೋರ್‌ಬೋರ್ಡಿನೊಳಗೆ ಬಂದ. "ಇವತ್ತು ತಮ್ಮ ಜೊತೆ ಕೂರೋಕೆ ಜಡ್ಜ್ ಸಾಹೇಬ್ರ ಅಪ್ಪಣೆ ಆಗಿದೆ" ಎಂದ. ಟವೆಲ್ಲನ್ನು ಮಡಚಿ ಕಾಗದದ ಚೀಲಕ್ಕೆ ಹಾಕಿ ಮೊಹರು ಮಾಡಿದ. ಆಮೇಲೆ ಅವನ ಕಣ್ಣು ರೇಡಿಯೊ ಮೇಲೆ ಬಿತ್ತು.

"ಇದು?"

"ಅದು... ಹಾಡು ಕೇಳೋಕೆ."

"ಇದರಿಂದಲೂ ಸಂಕೇತ ಬರಬಹುದು," ಎಂದು ಅದರ ಬ್ಯಾಟರಿ ಕಿತ್ತು ತನ್ನ ಜೇಬಿಗೆ ಹಾಕಿಕೊಂಡ.

ಓಟಿಸ್ ಕಿಂಡಿಗೆ ಮುಖವಿಟ್ಟ. ಕಿಂಡಿಯ ಹೊರಗೆ ಹಸಿರು ಮಂಜು, ಅದರ ಮೇಲೆ ನೀಲಿ ಮಂಜು. ಎಲ್ಲೋ ದೂರದಲ್ಲಿ ಯಾರೋ "ಆಟ ಶುರು" ಎಂದು ಕೂಗಿದರು. ಓಟಿಸ್ ಕಿವಿ ನಿಮಿರಿಸಿದ.

ಮೊದಮೊದಲು ಅವನ ಕಿವಿ ಮರ್ಯಾದೆ ಉಳಿಸಿತು. ಹಾರ್ಲನ್‌ಫೆರಿಯವನು ಬ್ಯಾಟ್ ಹಿಡಿದಾಗ ಟಿಲ್ಬರಿಯ ಜನ ಹೋ ಎಂದು ಕುಣಿದರೆ ಸ್ಟ್ರೈಕ್, ಅಂದರೆ ಹೊಡೆಯುವವನ ತಪ್ಪು; ಗಸ್‌ಗೆ ಬೈದರೆ ಬಾಲ್, ಅಂದರೆ ಎಸೆಯುವವನ ತಪ್ಪು. ತಮ್ಮವರು ಹಿಡಿದಾಗ ಅದೇ ಲೆಕ್ಕ ಉಲ್ಟಾ. ಒಂಬತ್ತರಲ್ಲಿ ಮೂರು ಇನ್ನಿಂಗ್ಸ್ ಹೀಗೆ ದಾಟಿತು. ನಾಲ್ಕನೆಯದರಲ್ಲಿ ಹಾರ್ಲನ್‌ಫೆರಿಯಿಂದ ಎರಡು ಬಸ್ಸು ತುಂಬ ಬೆಂಬಲಿಗರು ಬಂದಿಳಿದರು. ಅಲ್ಲಿಂದ ಮುಂದೆ ಪ್ರತಿಯೊಂದಕ್ಕೂ ಅರ್ಧ ಮೈದಾನ ಕುಣಿಯಿತು, ಇನ್ನರ್ಧ ಬೈಯಿತು.

ಐದನೆಯ ಇನ್ನಿಂಗ್ಸಿನಲ್ಲಿ ಬೋರ್ಡಿನ ಮೇಲೆ ಒಬ್ಬನೇ ಆಟಗಾರನಿಗೆ ಐದು ಬಾಲ್ ಕಾಣಿಸಿತು. ನಾಲ್ಕಾದರೆ ಅವನಿಗೆ ಮೊದಲ ಬೇಸ್ ಬಿಟ್ಟುಕೊಡುವುದು ಆಟದ ನಿಯಮ. ಆರನೆಯದರಲ್ಲಿ ಹಾರ್ಲನ್‌ಫೆರಿಗೆ ಬಾರದ ಎರಡು ರನ್ ಬಂತು. ಜನ ಕಡಲೆಕಾಯಿ ಸಿಪ್ಪೆ ಎಸೆಯತೊಡಗಿದರು. ಗಸ್ ಆಟ ನಿಲ್ಲಿಸಿ, ಅಲ್ಲಿಂದಲೇ ಕೈ ಬೀಸಿ ತಿದ್ದಲು ಹೇಳಿದ. ಆ ಕೈಯೂ ಓಟಿಸ್‌ಗೆ ಕಾಣಲಿಲ್ಲ. ಲಿಂಡ್‌ಕ್ವಿಸ್ಟ್ ಹೇಳಿದ ಮೇಲೆ ಎರಡು ರನ್ ಕೆಳಗಿಳಿಸಿದ.

"ಮಿಸ್ಟರ್ ಹ್ಯಾಕೆಟ್, ಈಗ ಬ್ಯಾಟ್ ಹಿಡಿದಿರೋನ ಬೆನ್ನ ಮೇಲಿನ ಅಂಕೆ ಎಷ್ಟು?"

"ಬಿಸಿಲು ಕಣ್ಣಿಗೆ ಹೊಡೀತಿದೆ."

"ಬಿಸಿಲು ನಮ್ಮ ಬೆನ್ನಿಗಿದೆ."

ಲಿಂಡ್‌ಕ್ವಿಸ್ಟ್ ಬರೆಯುತ್ತಲೇ ಇದ್ದ.

ಕೊನೆಯ ಇನ್ನಿಂಗ್ಸ್. ಟಿಲ್ಬರಿ ಒಂದು ರನ್ ಹಿಂದೆ. ಒಬ್ಬ ಔಟಾಗಿದ್ದ, ಮೂವರಾದರೆ ಆಟ ಮುಗಿದಂತೆ. ಮೂರನೇ ಬೇಸಿನಲ್ಲಿ ವರ್ನ್ ಡೊರ್ಸೆಟ್, ಓಡಲು ಸಿದ್ಧನಾಗಿ ಬಗ್ಗಿ ನಿಂತಿದ್ದ. ಆಗ ಬ್ಯಾಟಿಗೆ ತಾಗಿದ ಚೆಂಡೊಂದು ಅಡ್ಡ ಹಾರಿ, ಜನರ ನಡುವೆ ಪಾನಕ ಮಾರುತ್ತಿದ್ದವನ ತಟ್ಟೆಗೆ ಬಿದ್ದು ಇಪ್ಪತ್ತು ಲೋಟ ಮಗುಚಿತು. ಇಡೀ ಮೈದಾನ ಒಟ್ಟಿಗೆ "ಅಯ್ಯಯ್ಯೋ!" ಎಂದಿತು. ಓಟಿಸ್ ದುಃಖದಿಂದ ತಲೆಯಾಡಿಸಿ, 'ಔಟ್' ಎಂಬಲ್ಲಿ ಎರಡರ ತಗಡು ತೂಗುಹಾಕಿದ.

"ಔಟಾಗಿದ್ದು ಯಾರು?" ಲಿಂಡ್‌ಕ್ವಿಸ್ಟನ ದನಿ ಬದಲಾಗಿತ್ತು.

"ಎಲ್ಲರೂ ಅಯ್ಯೋ ಅಂದ್ರಲ್ಲ..."

ಅಷ್ಟರಲ್ಲಿ ಬ್ಯಾಟಿನ ಶಬ್ದ. ಚೆಂಡು ಎತ್ತರಕ್ಕೆ ಹೋಯಿತು. ಇಬ್ಬರು ಔಟಾಗಿದ್ದರೆ ಬೇಸಿನಲ್ಲಿದ್ದವನು ಹಿಂದೆಮುಂದೆ ನೋಡದೆ ಓಡಬೇಕು. ಒಬ್ಬನೇ ಆಗಿದ್ದರೆ ಕ್ಯಾಚ್ ಮುಗಿಯುವ ತನಕ ಬೇಸಿನ ಮೇಲೇ ಕಾದಿರಬೇಕು, ಮೊದಲೇ ಬಿಟ್ಟರೆ ಚೆಂಡು ಆ ಬೇಸಿಗೆ ಬಂದ ಕೂಡಲೇ ಅವನೂ ಔಟು. ವರ್ನ್ ತಲೆ ಎತ್ತಿ ಬೋರ್ಡು ನೋಡಿದ. ಹದಿನೇಳು ವರ್ಷ ನಂಬಿದ ಬೋರ್ಡು ಅದು. ಸವೆದ ಮಂಡಿಯಲ್ಲಿ ಜೀವ ಬಿಟ್ಟು ಓಡಿದ. ಚೆಂಡು ಹಿಡಿದವನು ನಿಧಾನವಾಗಿ ಅದನ್ನು ಮೂರನೇ ಬೇಸಿಗೆ ಕಳಿಸಿದ. ಹೊಡೆದವನೂ ಔಟು, ವರ್ನನೂ ಔಟು, ಆಟವೂ ಮುಗಿಯಿತು.

ಲಿಂಡ್‌ಕ್ವಿಸ್ಟ್ ಪುಸ್ತಕ ಮುಚ್ಚಿ, ಓಟಿಸನಿಂದ ಹತ್ತು ಹೆಜ್ಜೆ ದೂರ ಗೋಡೆಗೆ ಒರಗಿ ನಿಂತು ಕೈ ಎತ್ತಿದ.

"ಎಷ್ಟು ಬೆರಳು?"

"...ಎರಡು?"

"ನನ್ನ ಕೈಯಲ್ಲಿ ಟೊಪ್ಪಿ ಇದೆ."

ಓಟಿಸ್ ಸ್ಟೂಲಿನ ಮೇಲೆ ಕುಸಿದು ಕೂತ. "ಯಾರಿಗೂ ಹೇಳ್ಬೇಡಿ ಸ್ವಾಮಿ. ಕಳ್ಳ ಅಂತಲೇ ಬರ್ಕೊಳಿ. ಕಳ್ಳ ಅಂದ್ರೆ ಊರಲ್ಲಿ ತಬ್ಕೊಳ್ತಾರೆ. ಕಣ್ಣು ಕಾಣಲ್ಲ ಅಂದ್ರೆ ನಗ್ತಾರೆ."

"ಕಳ್ಳ ಅಂತ ಬರೆದ್ರೆ ಹನ್ನೊಂದು ಗೆಲುವೂ ಹೋಗುತ್ತೆ. ನಾನು ಹೇಳಿದ್ರೆ ಊಹೆ ಅಂತಾರೆ. ಹೇಳ್ಬೇಕಾದೋನು ನೀನು," ಎಂದು ಲಿಂಡ್‌ಕ್ವಿಸ್ಟ್ ಕುರ್ಚಿ ಮಡಚಿದ. ಆ ಮಧ್ಯಾಹ್ನ ಅವನು ಓಟಿಸನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು, ಮತ್ತು ಅದು ಯಾಕೋ ಓಟಿಸ್‌ಗೆ ಕೇಳಲು ಹಿತವಾಗಿತ್ತು.

ವಿಚಾರಣೆ ಆಟಗಾರರು ಬಟ್ಟೆ ಬದಲಿಸುವ ಕೋಣೆಯಲ್ಲಿ. ಜಡ್ಜ್ ಪೆನ್ರೋಸ್ ಬೆಂಚಿನ ಮೇಲೆ ಕೂತಿದ್ದರು. ಎರಡೂ ತಂಡ, ಗಸ್, ವೆಲ್ಮಾ, ಲೆಸ್ಟರ್, ಬಾಗಿಲಲ್ಲಿ ಅರ್ಧ ಊರು. ವರ್ನನ ಕಾಲುಚೀಲದ ದೆಸೆಯಿಂದ ಜಡ್ಜ್ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ನ್ಯಾಯ ವಿಚಾರಿಸಿದರು.

"ನೋಡಿದ್ರಲ್ಲ ಸಾಹೇಬ್ರೇ!" ಕ್ಲೈಡ್ ಮೆರ್ಟ್ಜ್ ಎದೆಯುಬ್ಬಿಸಿ ನಿಂತ. "ಹನ್ನೊಂದು ದಿನ ಟವೆಲ್ಲಿತ್ತು, ಗೆದ್ರು. ಇವತ್ತು ಟವೆಲ್ಲಿಲ್ಲ, ಸೋತ್ರು. ಇನ್ನೇನು ಸಾಕ್ಷಿ ಬೇಕು? ಸುಮ್ಮನೆ ದಂಡ ಹಾಕಿ ಬಿಟ್ರೆ ನಾಳೆ ಪ್ರತಿ ಊರಲ್ಲೂ ಕಿಂಡಿಗೊಂದು ಟವೆಲ್ ತೂಗುತ್ತೆ. ಗೆಲುವು ಕಿತ್ಕೊಳಿ, ಆಗಲೇ ಬುದ್ಧಿ ಬರೋದು!"

ಜಡ್ಜ್ ತಲೆದೂಗಿದರು. ಕ್ಲೈಡ್ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ಕಷ್ಟವಾಗಿತ್ತು. ರೆಡ್ ಫೋಗಾರ್ಟಿ ಗಡ್ಡ ಕೆರೆದುಕೊಂಡ. ವರ್ನ್ ನೆಲ ನೋಡುತ್ತ ಕೂತಿದ್ದ.

"ಬೇರೆ ಯಾರಿಗಾದರೂ ಏನಾದರೂ ಹೇಳೋದಿದೆಯಾ?" ಎಂದು ಜಡ್ಜ್ ಕೇಳಿದರು.

ಓಟಿಸ್ ಎದ್ದ. ಟೊಪ್ಪಿ ತೆಗೆದ. ಎರಡು ಹೆಜ್ಜೆ ಮುಂದೆ ಬಂದು, ಬಲಗೈ ಎತ್ತಿ ಹೇಳಿದ:

"ಜಡ್ಜ್ ಸಾಹೇಬ್ರೇ, ನಾನು ಸುಳ್ಳ. ಕಳ್ಳ ಅಲ್ಲ. ನಾಲ್ಕು ವರ್ಷದಿಂದ ನನಗೆ ಕ್ಯಾಚರ್ ಕಂಡಿಲ್ಲ, ಅಂಪೈರ್ ಕಂಡಿಲ್ಲ, ಚೆಂಡೂ ಕಂಡಿಲ್ಲ. ರೇಡಿಯೊ ಕೇಳಿ ಅಂಕೆ ಹಾಕ್ತಿದ್ದೆ. ಟವೆಲ್ ಬೆವರು ಒರೆಸ್ಕೊಳೋಕೆ ಇತ್ತು. ಉಗುರಿನ ಮಣ್ಣು ಕಾಣುತ್ತೆ ಅಂದಿದ್ದು ಜಂಭಕ್ಕೆ. ಈ ಹುಡುಗರು ಗೆದ್ದಿದ್ದು ಅವರ ತೋಳಿನಿಂದ. ಇವತ್ತು ವರ್ನ್ ಔಟಾಗಿದ್ದು ನನ್ನಿಂದ. ಏನು ಶಿಕ್ಷೆ ಕೊಡ್ತೀರೋ ನನಗೆ ಕೊಡಿ."

ಮಾತು ಚೆನ್ನಾಗಿತ್ತು. ಆದರೆ ಅಷ್ಟನ್ನೂ ಅವನು ಹೇಳಿದ್ದು ಮೊಳೆಗೆ ತೂಗುಹಾಕಿದ್ದ ಕ್ಯಾಚರನ ಎದೆಕವಚಕ್ಕೆ. ಜಡ್ಜ್ ಸಾಹೇಬರು ಅವನ ಎಡಗಡೆಗಿದ್ದರು.

"ನಾಟಕ!" ಎಂದು ಕ್ಲೈಡ್ ಮೆರ್ಟ್ಜ್ ಕೂಗಿದ. "ಕುರುಡನ ಹಾಗೆ ನಟಿಸೋಕೆ ಯಾರಿಗೆ ಬರಲ್ಲ?"

"ನಟನೆ ಅಲ್ಲಪ್ಪಾ," ಎಂದಳು ವೆಲ್ಮಾ ಹಿಂದಿನಿಂದ. "ಹೋದ ಕ್ರಿಸ್‌ಮಸ್ಸಿಗೆ ಬಾಗಿಲಲ್ಲಿ ನನ್ನ ತಂಗಿಗೆ ಮುತ್ತು ಕೊಟ್ಟು, 'ವೆಲ್ಮಾ, ನಿನ್ನ ತಂಗಿ ಯಾವಾಗ ತೊಲಗ್ತಾಳೆ' ಅಂದ. ನಾನೂ ಅವತ್ತಿಂದ ಯೋಚಿಸ್ತಾನೇ ಇದ್ದೆ. ಕಣ್ಣಿನ ತೊಂದರೆಯೇ ಇರಲಿ ದೇವರೇ ಅಂದ್ಕೊಂಡೆ."

ಲಿಂಡ್‌ಕ್ವಿಸ್ಟ್ ಪುಸ್ತಕ ತೆರೆದು ಎದ್ದ. "ಸಾಹೇಬ್ರೇ, ಕಳ್ಳನಾದೋನು ತಪ್ಪು ಅಂಕೆ ಹಾಕಿದ್ರೆ ತನ್ನ ತಂಡಕ್ಕೆ ಲಾಭ ಆಗೋ ಹಾಗೆ ಹಾಕ್ತಾನೆ. ಈ ಮನುಷ್ಯ ಇವತ್ತು ಹಾರ್ಲನ್‌ಫೆರಿಗೆ ಎರಡು ರನ್ ಪುಕ್ಕಟೆ ಕೊಟ್ಟ. ಪಾನಕದ ಲೋಟ ಬಿದ್ದಿದ್ದಕ್ಕೆ ತಮ್ಮವನನ್ನೇ ಔಟ್ ಮಾಡಿದ. ಆ ಒಂದು ತಗಡಿನಿಂದ ಅವನ ತಂಡ ಸೋತಿತು. ಟವೆಲ್ಲಿಲ್ಲದ್ದಕ್ಕೆ ಸೋತಿದ್ದಲ್ಲ, ರೇಡಿಯೊ ಇಲ್ಲದ್ದಕ್ಕೆ ಸೋತಿದ್ದು."

ಎಲ್ಲರಿಗಿಂತ ಮೊದಲು ಯಾರು ನಕ್ಕರೋ ಗೊತ್ತಿಲ್ಲ. ನಗು ಬಾಗಿಲಿನಿಂದ ಹೊರಟು, ಅಂಗಳ ದಾಟಿ, ಮೇಬೆಲ್‌ಳ ಅಂಗಡಿ ತನಕ ಹೋಯಿತು. ಓಟಿಸ್ ಎದೆಕವಚದ ಮುಂದೆ ಕಿವಿ ಕೆಂಪಗಾಗಿ ನಿಂತೇ ಇದ್ದ. ಇಪ್ಪತ್ತಾರು ವರ್ಷದಲ್ಲಿ ಅವನು ಯಾವತ್ತೂ ಅಷ್ಟು ಒಂಟಿಯಾಗಿರಲಿಲ್ಲ.

ಗಸ್ ಪೊಲಾಸ್ಕಿ ಮಾತ್ರ ನಗಲಿಲ್ಲ. ತನ್ನ ಚೀಲದಿಂದ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ಬೆಂಚಿನ ಮೇಲೆ ಸುರಿದ. ಹದಿನಾರು ಕನ್ನಡಕ, ಕೆಲವಕ್ಕೆ ಇನ್ನೂ ರಿಬ್ಬನ್ ಇತ್ತು.

"ಒಂದೊಂದಾಗಿ ಹಾಕ್ಕೊಂಡು ನೋಡು ಮಾರಾಯ," ಎಂದ. "ಎಲ್ಲಾ ಒಳ್ಳೇ ಮಾಲೇ ಕೊಟ್ಟಿದೀಯ."

ಹನ್ನೊಂದನೆಯ ಕನ್ನಡಕಕ್ಕೆ ಓಟಿಸ್ ಬಾಯಿ ತೆರೆದ. ಎದುರಿಗೆ ಗಸ್. ಹೋದ ಸಲ ನೋಡಿದಾಗ ಅವನ ಕೂದಲು ಕಪ್ಪಗಿತ್ತು.

ಜಡ್ಜ್ ಪೆನ್ರೋಸ್ ತೀರ್ಪು ಹೇಳಿದರು. ಹನ್ನೊಂದು ಗೆಲುವೂ ಊರ್ಜಿತ, ಅಂತಿಮ ಪಂದ್ಯದ ಜಾಗ ಟಿಲ್ಬರಿಗೇ. ಸಾರ್ವಜನಿಕರಿಗೆ ನಾಲ್ಕು ವರ್ಷ ಸುಳ್ಳು ಹೇಳಿದ ಓಟಿಸ್ ಹ್ಯಾಕೆಟ್, ಅಂತಿಮ ಪಂದ್ಯದ ಮೊದಲ ಎಸೆತದಿಂದ ಕೊನೆಯ ಎಸೆತದ ತನಕ ಈ ಕನ್ನಡಕವನ್ನು ಎಲ್ಲರಿಗೂ ಕಾಣುವಂತೆ ಧರಿಸಿರತಕ್ಕದ್ದು. ಒಂದು ಗಳಿಗೆ ತೆಗೆದರೂ ಸ್ಟೂಲು ಹೋಯಿತು. ಮಿಸ್ಟರ್ ಲಿಂಡ್‌ಕ್ವಿಸ್ಟ್ ದುರ್ಬೀನು ಹಿಡಿದು ಕಾಯತಕ್ಕದ್ದು.

ಲೀಗಿನ ಇನ್ನೊಂದು ತಂಡದೆದುರು ತಮ್ಮದೇ ಮೈದಾನದಲ್ಲಿ ನಡೆದ ಅಂತಿಮ ಪಂದ್ಯಕ್ಕೆ ರೆಡ್ ಫೋಗಾರ್ಟಿ ಟವೆಲ್ಲನ್ನು ಮತ್ತೆ ಕಿಂಡಿಗೆ ತೂಗುಹಾಕಿಸಿದ, ಒಗೆಯದೆ. ಭಾನುವಾರ ಸೋತದ್ದು ಅದನ್ನು ತೆಗೆದದ್ದಕ್ಕೇ ಎಂಬ ಅವನ ನಂಬಿಕೆಯನ್ನು ಯಾವ ನ್ಯಾಯಾಲಯವೂ ಅಲುಗಿಸಲಾಗಲಿಲ್ಲ. ಓಟಿಸ್ ಕಿಂಡಿಯಲ್ಲಿ ಕನ್ನಡಕ ಹಾಕಿಕೊಂಡು ಕೂತ. ಜನ ಹೊಟ್ಟೆ ತುಂಬ ನಕ್ಕರು. ಅವನಿಗೆ ನಗು ಕೇಳಿಸಲೇ ಇಲ್ಲ. ಹುಲ್ಲು ಕಾಣುತ್ತಿತ್ತು. ಎರಡನೇ ಬೇಸನ್ನು ಯಾರೂ ಕದ್ದಿರಲಿಲ್ಲ, ಅಲ್ಲೇ ಇತ್ತು. ಚೆಂಡು ಬೆಳ್ಳಗೆ ಹಾರುವುದು ಕಾಣುತ್ತಿತ್ತು. ಬ್ಯಾಟರಿ ವಾಪಸು ಪಡೆದ ರೇಡಿಯೊ ಪಕ್ಕದಲ್ಲಿ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿತ್ತು, ಓಟಿಸ್ ಅದಕ್ಕಿಂತ ಮೊದಲೇ ಅಂಕೆ ತೂಗುಹಾಕುತ್ತಿದ್ದ.

ಕೊನೆಯ ಇನ್ನಿಂಗ್ಸಿಗೆ ಬಂದಾಗ ಟಿಲ್ಬರಿ ಮತ್ತೆ ಒಂದೇ ರನ್ ಹಿಂದೆ. ಇಬ್ಬರು ಔಟಾಗಿದ್ದರು, ಮೂರೂ ಬೇಸುಗಳಲ್ಲಿ ತಮ್ಮವರಿದ್ದರು. ಬ್ಯಾಟ್ ಹಿಡಿದವನು ವರ್ನ್ ಡೊರ್ಸೆಟ್. ಎರಡು ಸ್ಟ್ರೈಕ್ ಆಗಿತ್ತು. ಇನ್ನೊಂದಾದರೆ ಅವನೂ ಔಟಾಗಿ ಆಟ ಮುಗಿಯುತ್ತದೆ, ಒಳ್ಳೆಯ ಒಂದು ಹೊಡೆತ ಬಿದ್ದರೂ ಮುಗಿಯುತ್ತದೆ.

ವರ್ನ್ ಟೊಪ್ಪಿ ಮುಟ್ಟಿಕೊಂಡು ಟವೆಲ್ಲಿನ ಕಡೆ ನೋಡಿದ. ಕ್ಯಾಚರ್ ಕುಕ್ಕರಗಾಲಲ್ಲಿ ಕೂತ. ತೊಡೆ ಸಂದಿನಲ್ಲಿ ಕೈ ಇಳಿಬಿಟ್ಟ.

ಎರಡು ಬೆರಳು.

ಓಟಿಸ್‌ಗೆ ಅವು ನೀರಿನೊಳಗಿನ ಕಲ್ಲಿನಷ್ಟು ಸ್ಪಷ್ಟವಾಗಿ ಕಂಡವು. ಉಗುರು ಕಂಡಿತು. ಆಣೆಗೂ, ಉಗುರೊಳಗಿನ ಮಣ್ಣು ಕಂಡಿತು. ತಿರುಗುವ ಚೆಂಡು ಬರುತ್ತದೆ. ಟವೆಲ್ಲು ಒಳಗೆಳೆದರೆ ತಿರುಗುವ ಚೆಂಡು ಎಂದು ಲೀಗಿನವರೇ ಮೊಹರು ಹಾಕಿ ಊರಿಗೆಲ್ಲ ಹೇಳಿಕೊಟ್ಟಿದ್ದರು, ವರ್ನ್‌ಗೂ ಗೊತ್ತಿತ್ತು. ಓಟಿಸನ ಹಣೆಯಿಂದ ಬೆವರು ಧಾರಾಕಾರ ಇಳಿಯುತ್ತಿತ್ತು. ಬೆವರು ಒರೆಸಿಕೊಳ್ಳುವುದು ತಪ್ಪಲ್ಲ. ಯಾವ ಜಡ್ಜೂ ಅದನ್ನು ತಪ್ಪೆನ್ನಲಾರ. ಕೈ ತಾನಾಗಿ ಟವೆಲ್ಲಿನ ತುದಿ ಮುಟ್ಟಿತು.

ಆ ಗಳಿಗೆಯಲ್ಲಿ ಓಟಿಸ್ ಕೈ ಹಿಂದಕ್ಕೆ ತೆಗೆದ. ಮೂಗಿನ ಮೇಲಿನ ಕನ್ನಡಕ ಕಿತ್ತು ಜೇಬಿಗೆ ತುರುಕಿದ. ಮೈದಾನ ಮಂಜಾಯಿತು. ವರ್ನ್ ಕರಗಿದ, ಕ್ಯಾಚರ್ ಕರಗಿದ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು, ಕೈಗಳನ್ನು ತೊಡೆಗಳ ಅಡಿಗೆ ಹಾಕಿಕೊಂಡು ಅವುಗಳ ಮೇಲೇ ಕೂತ.

"ಬೀಸಿದ... ತಪ್ಪಿತು!" ಎಂದಿತು ರೇಡಿಯೊ. "ಸ್ಟ್ರೈಕ್ ಮೂರು! ಆಟ ಮುಗಿಯಿತು, ಟಿಲ್ಬರಿ ಸೋತಿತು!"

ಓಟಿಸ್ ತಡವರಿಸಿ ಮೂರರ ತಗಡು ಹುಡುಕಿ, ಮೊಳೆಗೆ ಸರಿಯಾಗಿ ತೂಗುಹಾಕಿದ.

ಮರುದಿನ ಮೇಬೆಲ್‌ಳ ಅಂಗಡಿಯಲ್ಲಿ ಎಲ್ಲರ ಕಣ್ಣೂ ಅವನ ಮೇಲಿತ್ತು.

"ಭಾವ, ಕನ್ನಡಕ ಇತ್ತಲ್ಲ," ಲೆಸ್ಟರ್ ಬಿಡಲಿಲ್ಲ. "ಆ ಕೊನೇ ಎಸೆತಕ್ಕೆ ಕ್ಯಾಚರನ ಬೆರಳು ಕಾಣ್ಲಿಲ್ವಾ? ನಿಜ ಹೇಳು."

"ಏನೂ ಕಾಣ್ಲಿಲ್ಲ," ಎಂದ ಓಟಿಸ್. "ಈ ಕಣ್ಣಿಗೆ ಅಷ್ಟು ದೂರ ಎಲ್ಲಿ ಕಾಣುತ್ತೆ?"

ಎಲ್ಲರೂ ನಕ್ಕರು. ಬಾಗಿಲ ಹತ್ತಿರ ಕೂತಿದ್ದ ವರ್ನ್ ಡೊರ್ಸೆಟ್ ಕಾಫಿ ಮುಗಿಸಿ ಎದ್ದ. ಕೊನೆಗೂ ಕಾಲುಚೀಲ ಬದಲಿಸಿದ್ದ. "ಎಂಥಾ ಎಸೆತ ಅದು!" ಎಂದ, ಯಾರಿಗೆಂದಿಲ್ಲದೆ. "ಕೊನೇ ಗಳಿಗೇಲಿ ತಿರುಗ್ತು ನೋಡಿ. ಸೋತಿದ್ದು ನಾನೇ, ಆದ್ರೆ ಆಡಿದ್ದೂ ನಾನೇ." ಓಟಿಸನ ಹೆಗಲು ತಟ್ಟಿ ಹೊರಟುಹೋದ.

ಮೂಲೆಯಲ್ಲಿ ಲಿಂಡ್‌ಕ್ವಿಸ್ಟ್ ಚೆರ್ರಿ ಪೈ ತಿನ್ನುತ್ತಿದ್ದ. ಜನ ಚದುರಿದ ಮೇಲೆ ದುರ್ಬೀನನ್ನು ಮೇಜಿನ ಮೇಲಿಟ್ಟು, ಪುಸ್ತಕ ತೆರೆದ.

"ಆ ಎಸೆತಕ್ಕೆ ಕನ್ನಡಕ ಯಾಕೆ ತೆಗೆದೆ?"

"ಬೆವರು ಸ್ವಾಮಿ."

"ಟವೆಲ್ಲು ಪಕ್ಕದಲ್ಲೇ ಇತ್ತಲ್ಲಯ್ಯಾ?"

ಓಟಿಸ್ ಪೈಯ ತಟ್ಟೆ ನೋಡುತ್ತ ಕೂತ. ಲಿಂಡ್‌ಕ್ವಿಸ್ಟ್ ಪುಸ್ತಕದಲ್ಲಿ ನಿಧಾನವಾಗಿ ಬರೆದು, ಓಟಿಸ್‌ಗೆ ಓದಲೆಂದು ತಿರುಗಿಸಿಟ್ಟ. ಓಟಿಸ್ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. 'ಮೊದಲ ಎಸೆತದಿಂದ ಕೊನೆಯ ಎಸೆತದ ತನಕ ಕನ್ನಡಕ ಧರಿಸಿದ್ದ' ಎಂದು ಬರೆದಿತ್ತು.

"ಇದು ಸುಳ್ಳಲ್ವಾ ಸ್ವಾಮಿ?"

"ನನಗೂ ದೂರದ್ದು ಸರಿಯಾಗಿ ಕಾಣಲ್ಲ ಕಣಯ್ಯ," ಎಂದು ಲಿಂಡ್‌ಕ್ವಿಸ್ಟ್ ಅವನಿಗೊಂದು ಪೈ ತರಿಸಿಕೊಟ್ಟ.